ಋತುಬಂಧದ ನಂತರದ ಒಣತನ, ಉರಿ, ನೋವು: ನೆಮ್ಮದಿಗೆ ಹನ್ನೆರಡು ಸೂತ್ರಗಳು

ಮುಟ್ಟು ನಿಂತ ಮೇಲೆ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು, ಇವುಗಳ ಬಗ್ಗೆ ನಮ್ಮ ಹೆಂಗಸರು ಈಗ ತಕ್ಕಮಟ್ಟಿಗೆ ಮಾತಾಡುತ್ತಾರೆ. ಯೋನಿ ಒಣಗುವುದರ ಬಗ್ಗೆ ಮಾತ್ರ ಅಕ್ಕತಂಗಿಯರ ನಡುವೆಯೂ ಮಾತು ಏಳುವುದಿಲ್ಲ. ಋತುಬಂಧ ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಈ ತೊಂದರೆ ಒಂದಲ್ಲ ಒಂದು ರೂಪದಲ್ಲಿ ಇರುತ್ತದೆ. ಮೈ ಬಿಸಿಯೇರುವುದು ಬಹುತೇಕರಿಗೆ ಕೆಲವು ವರ್ಷಗಳಲ್ಲಿ ತಗ್ಗುತ್ತದೆ. ಒಣತನ ತಾನಾಗಿ ತಗ್ಗುವುದು ಅಪರೂಪ, ಬಿಟ್ಟಷ್ಟೂ ಹೆಚ್ಚುತ್ತದೆ. ಆದರೆ ಚಿಕಿತ್ಸೆಗೆ ಇದು ಚೆನ್ನಾಗಿ ಬಗ್ಗುತ್ತದೆ. ಬೇಕಾದ ಔಷಧಿ ನಮ್ಮ ಊರಿನ ಮೆಡಿಕಲ್ ಶಾಪುಗಳಲ್ಲೇ ಸಿಗುತ್ತದೆ. ವಯಸ್ಸಾಯಿತು ಎಂದು ಇದನ್ನು ನುಂಗಿಕೊಂಡು ಬದುಕಬೇಕಾಗಿಲ್ಲ.

1. ‘ಉಷ್ಣ’ ಎಂದು ಸುಮ್ಮನಾಗಬೇಡಿ, ಕಾರಣ ತಿಳಿಯಿರಿ

ಒಳಗೆ ಉರಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಉತ್ತರ ‘ಉಷ್ಣ ಆಗಿರಬೇಕು’. ಎಳನೀರು, ಬಾರ್ಲಿ ಗಂಜಿ, ಕಾಮಕಸ್ತೂರಿ ಬೀಜದ ನೀರು ಸಾಲಾಗಿ ಬರುತ್ತವೆ. ಕುಡಿಯಿರಿ, ಮೈಗೆ ನೀರು ಸೇರುವುದು ಒಳ್ಳೆಯದೇ. ಆದರೆ ಇಲ್ಲಿ ಕಡಿಮೆಯಾಗಿರುವುದು ಈಸ್ಟ್ರೊಜೆನ್ ಎಂಬ ಹಾರ್ಮೋನು.

ಸತತ ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ಋತುಬಂಧ ಆಯಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ಆಗುತ್ತದೆ. ಅಂಡಾಶಯ ಈಸ್ಟ್ರೊಜೆನ್ ಮಾಡುವುದನ್ನು ನಿಲ್ಲಿಸಿದ ಮೇಲೆ ಯೋನಿಯ ಒಳಪದರ ತೆಳ್ಳಗಾಗುತ್ತದೆ, ರಕ್ತದ ಹರಿವು ತಗ್ಗುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಒಳಗೆ ಇದ್ದು ಕಾಪಾಡುತ್ತಿದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆ ಪದರದಲ್ಲಿರುವ ಗ್ಲೈಕೋಜನ್ ಆಹಾರ. ಪದರ ತೆಳುವಾದರೆ ಅವೂ ಕಡಿಮೆಯಾಗುತ್ತವೆ, ಅವು ಮಾಡುವ ಲ್ಯಾಕ್ಟಿಕ್ ಆಮ್ಲವೂ ಕಡಿಮೆಯಾಗುತ್ತದೆ. ಮೊದಲು 3.5ರಿಂದ 4.5ರೊಳಗಿದ್ದ ಪಿಎಚ್ (ಆಮ್ಲೀಯತೆಯ ಅಳತೆ, ಆಮ್ಲ ತಗ್ಗಿದರೆ ಏರುತ್ತದೆ) 5 ದಾಟುತ್ತದೆ. ಸೋಂಕು ತರುವ ಕ್ರಿಮಿಗಳಿಗೆ ಆಗ ದಾರಿ ಸುಲಭ.

2. ಚದುರಿದ ಲಕ್ಷಣಗಳನ್ನು ಒಟ್ಟಿಗೆ ನೋಡಿ

ನವೆ, ಉರಿ, ಬಿಗಿತ, ಕೂಡಿದಾಗ ನೋವು, ಆಮೇಲೆ ಒಂದೆರಡು ಹನಿ ರಕ್ತ. ಇವಿಷ್ಟೂ ಯೋನಿಗೆ ಸೇರಿದ್ದು ಎಂದು ಯಾರಿಗಾದರೂ ಹೊಳೆಯುತ್ತದೆ. ಪದೇ ಪದೇ ಮೂತ್ರಕ್ಕೆ ಓಡುವುದು, ತಡೆಯಲಾಗದ ಅವಸರ, ಉರಿಮೂತ್ರ, ಇವೂ ಅದೇ ಕಾರಣದಿಂದ ಬರಬಹುದು ಎಂಬುದು ಹೊಳೆಯುವುದಿಲ್ಲ. ಮೂತ್ರನಾಳ ಮತ್ತು ಮೂತ್ರಕೋಶದ ಕೆಳಭಾಗಕ್ಕೂ ಈಸ್ಟ್ರೊಜೆನ್ ಬೇಕು. ಅದಕ್ಕೇ 2014ರಲ್ಲಿ ಋತುಬಂಧ ಮತ್ತು ಸ್ತ್ರೀ ಲೈಂಗಿಕ ಆರೋಗ್ಯದ ತಜ್ಞರ ಸಂಘಗಳು ಸೇರಿ ಯೋನಿ ಮತ್ತು ಮೂತ್ರದ ತೊಂದರೆಗಳೆರಡನ್ನೂ ಒಂದೇ ಹೆಸರಿನಡಿ ತಂದವು.

ಗಂಡ ತೀರಿಕೊಂಡವರು, ಮದುವೆಯಾಗದವರು, ದಾಂಪತ್ಯದ ಸಂಬಂಧ ಎಂದೋ ನಿಲ್ಲಿಸಿದವರು ‘ನನಗೇಕೆ ಇದರ ಚಿಕಿತ್ಸೆ’ ಎಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ಎರಡು ತಾಸು ಕೂರಲಾಗದಿದ್ದರೆ, ವಾಕಿಂಗ್ ಹೋದರೆ ಉಜ್ಜಿದ ಹಾಗೆ ಉರಿದರೆ, ಒಳಉಡುಪು ತಾಗಿದರೂ ಹಿಂಸೆಯಾದರೆ ಚಿಕಿತ್ಸೆ ನಿಮಗೂ ಬೇಕು.

3. ತೊಳೆಯುವುದನ್ನು ಕಡಿಮೆ ಮಾಡಿ

ಉರಿ ಬಂದಾಗ ಇನ್ನಷ್ಟು ಸೋಪು, ಡೆಟ್ಟಾಲ್, ಬಿಸಿ ನೀರು ಹಾಕಿ ತೊಳೆಯುವುದು ನಮ್ಮ ಅಭ್ಯಾಸ. ತೆಳುವಾದ ಚರ್ಮಕ್ಕೆ ಇದು ಇನ್ನಷ್ಟು ಪೆಟ್ಟು. ಹೊರಭಾಗವನ್ನು ದಿನಕ್ಕೊಂದು ಸಲ ಉಗುರುಬೆಚ್ಚಗಿನ ಬರಿ ನೀರಿನಲ್ಲಿ ತೊಳೆದರೆ ಸಾಕು. ಒಳಗೆ ನೀರು ಹಾಯಿಸಿ ತೊಳೆಯಲೇಬೇಡಿ. ಟಿವಿಯಲ್ಲಿ ಬರುವ ಪರಿಮಳದ ‘ಇಂಟಿಮೇಟ್ ವಾಶ್’, ಪೌಡರು, ಸ್ಪ್ರೇ ಯಾವುದೂ ಬೇಡ.

ಉಡುಪು ಹತ್ತಿಯದಿರಲಿ, ಬಿಗಿಯಿಲ್ಲದಿರಲಿ, ಒದ್ದೆಯಾದರೆ ಕೂಡಲೇ ಬದಲಾಯಿಸಿ. ರಾತ್ರಿ ಸಡಿಲವಾದ ನೈಟಿ ಸಾಕು. ಮೂತ್ರ ಸೋರುತ್ತದೆಂದು ದಿನವಿಡೀ ಪ್ಯಾಡ್ ಇಟ್ಟುಕೊಂಡರೆ ಆ ತೇವ ಮತ್ತು ಉಜ್ಜಾಟಕ್ಕೇ ಚರ್ಮ ಕೆಂಪಾಗುತ್ತದೆ. ಸೋರುವುದಕ್ಕೆ ಬೇರೆ ಪರಿಹಾರವಿದೆ, ಅದನ್ನು ಡಾಕ್ಟರ ಹತ್ತಿರ ಕೇಳಿ.

4. ಮಾಯಿಶ್ಚರೈಸರ್ ಬೇರೆ, ಲೂಬ್ರಿಕೆಂಟ್ ಬೇರೆ

ಹಾರ್ಮೋನು ಇಲ್ಲದೆ ಶುರು ಮಾಡಬೇಕೆಂದರೆ ಇವೆರಡೇ ಮೊದಲ ಮೆಟ್ಟಿಲು. ಯೋನಿಯ ಮಾಯಿಶ್ಚರೈಸರ್ ದಿನನಿತ್ಯದ ಒಣತನಕ್ಕೆ. ವಾರಕ್ಕೆ ಎರಡು ಮೂರು ಸಲ, ಮಲಗುವ ಮುಂಚೆ, ಸಂಬಂಧ ಇರಲಿ ಬಿಡಲಿ ಕ್ರಮ ತಪ್ಪದೆ ಹಚ್ಚಬೇಕು. ಹಯಲುರಾನಿಕ್ ಆಮ್ಲ ಇರುವ ಜೆಲ್‌ಗಳು ಹಲವರಿಗೆ ಒಗ್ಗುತ್ತವೆ.

ಲೂಬ್ರಿಕೆಂಟ್ ಕೂಡುವ ಹೊತ್ತಿನ ಜಾರಿಕೆಗೆ ಮಾತ್ರ. ನೀರಿನ ಆಧಾರದ್ದು ಎಲ್ಲೆಡೆ ಸಿಗುತ್ತದೆ, ತೊಳೆಯುವುದು ಸುಲಭ, ಬೇಗ ಒಣಗುತ್ತದೆ. ಸಿಲಿಕೋನಿನದು ಹೆಚ್ಚು ಹೊತ್ತು ನಿಲ್ಲುತ್ತದೆ. ಲೇಬಲ್ ಓದಿ: ಪರಿಮಳ, ರುಚಿ, ‘ಬಿಸಿ ಅನುಭವ’ ಎಂದು ಬರೆದಿದ್ದರೆ ಮುಟ್ಟಬೇಡಿ, ಉರಿ ಹೆಚ್ಚುತ್ತದೆ. ಪಿಎಚ್ ಸುಮಾರು 4.5 ಇರಬೇಕು, ಆಸ್ಮೊಲಾಲಿಟಿ, ಅಂದರೆ ಜೆಲ್ಲಿನ ಗಾಢತೆ, 1200 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕಿಂತ ಗಾಢವಾದ ಜೆಲ್ ಒಳಪದರದಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಬರೀ ‘ಜೆಲ್ಲಿ’ ಎಂದು ಕೇಳಿದರೆ ಲಿಗ್ನೋಕೈನ್ ಜೆಲ್ಲಿ ಕೈಗೆ ಬರಬಹುದು. ಅದು ಜೋಮು ಹಿಡಿಸುವ ಔಷಧಿ. ಡಾಕ್ಟರು ಬರೆದುಕೊಡದೆ ಅದನ್ನು ಬಳಸಬೇಡಿ.

ಕೊಬ್ಬರಿ ಎಣ್ಣೆ ಹಲವರು ಹಚ್ಚುತ್ತಾರೆ, ಕೆಲವರಿಗೆ ಹಿತವಾಗುತ್ತದೆ. ಆದರೆ ಎಣ್ಣೆ ಯಾವುದೇ ಇರಲಿ, ಲೇಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ. ಗರ್ಭ ನಿಲ್ಲುವ ಸಾಧ್ಯತೆ ಮುಟ್ಟು ನಿಂತ ತಕ್ಷಣ ಮುಗಿಯುವುದಿಲ್ಲ ಎಂಬುದೂ ನೆನಪಿರಲಿ: ಕೊನೆಯ ಮುಟ್ಟಿನಿಂದ 50 ದಾಟಿದವರು ಒಂದು ವರ್ಷ, 50ರೊಳಗಿನವರು ಎರಡು ವರ್ಷ ಎಚ್ಚರ ವಹಿಸಬೇಕು. ಮೊಸರು, ಜೇನು, ಅರಿಶಿನ, ನಿಂಬೆರಸ ಇವು ಅಡುಗೆಮನೆಯಲ್ಲೇ ಇರಲಿ.

5. ಒಳಗೆ ಹಚ್ಚುವ ಈಸ್ಟ್ರೊಜೆನ್‌ಗೆ ಹೆದರಬೇಡಿ

ಜೆಲ್‌ಗಳಿಂದ ನೆಮ್ಮದಿ ಸಿಗದಿದ್ದರೆ ಮುಂದಿನ ಮೆಟ್ಟಿಲು ಕಡಿಮೆ ಪ್ರಮಾಣದ ಈಸ್ಟ್ರೊಜೆನ್. ಅದರದೇ ಒಂದು ರೂಪವಾದ ಎಸ್ಟ್ರಿಯಾಲ್ ಕ್ರೀಮು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಜೆಲ್ ತೇವ ಕೊಡುತ್ತದೆ, ಕ್ರೀಮು ತೆಳುವಾದ ಪದರವನ್ನೇ ಮತ್ತೆ ದಪ್ಪಗೊಳಿಸುತ್ತದೆ.

‘ಹಾರ್ಮೋನಾ? ಕ್ಯಾನ್ಸರ್ ಬರುತ್ತಂತೆ’ ಎಂಬ ಭಯ ಬಹಳ ಮಂದಿಯನ್ನು ಇಲ್ಲಿಗೇ ತಡೆಯುತ್ತದೆ. ಆ ಭಯದ ಮೂಲ 2002ರಲ್ಲಿ ಅಮೆರಿಕದಲ್ಲಿ ಬಂದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಫಲಿತಾಂಶ. ಅಲ್ಲಿ ಪರೀಕ್ಷಿಸಿದ್ದು ಬಾಯಿಂದ ನುಂಗುವ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಮಾತ್ರೆಗಳನ್ನು. ಯೋನಿಯೊಳಗೆ ಹಚ್ಚುವ ಸಣ್ಣ ಪ್ರಮಾಣದ ಔಷಧಿ ಹೆಚ್ಚಾಗಿ ಅಲ್ಲೇ ಕೆಲಸ ಮಾಡುತ್ತದೆ. ರಕ್ತದಲ್ಲಿ ಈಸ್ಟ್ರೊಜೆನ್ ಮಟ್ಟ ಋತುಬಂಧವಾದವರಲ್ಲಿ ಇರುವಷ್ಟೇ ಉಳಿಯುತ್ತದೆ. ಗರ್ಭಕೋಶ ಇರುವವರು ಬಾಯಿಂದ ಈಸ್ಟ್ರೊಜೆನ್ ತೆಗೆದುಕೊಂಡರೆ ಜೊತೆಗೆ ಪ್ರೊಜೆಸ್ಟಿರಾನ್ ಬೇಕಾಗುತ್ತದೆ. ಈ ಸಣ್ಣ ಪ್ರಮಾಣಕ್ಕೆ ಸಾಮಾನ್ಯವಾಗಿ ಅದೂ ಬೇಡ. ಪ್ಯಾಕಿನೊಳಗಿನ ಚೀಟಿಯಲ್ಲಿ ನುಂಗುವ ಮಾತ್ರೆಗಿರುವ ಎಚ್ಚರಿಕೆಗಳನ್ನೇ ಇದಕ್ಕೂ ಅಚ್ಚು ಹಾಕಿರಬಹುದು. ಓದಿ ಗಾಬರಿಯಾದರೆ ಟ್ಯೂಬನ್ನು ಮೂಲೆಗೆಸೆಯುವ ಮುಂಚೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಮೈ ಬಿಸಿಯೇರುವುದಕ್ಕೆ ಈಗಾಗಲೇ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಕೆಲವರಿಗೆ ಒಳಗೆ ಹಚ್ಚುವುದೂ ಬೇಕಾಗುತ್ತದೆ.

6. ಸರಿಯಾಗಿ ಹಚ್ಚಿ, ಹನ್ನೆರಡು ವಾರ ಕಾಯಿರಿ

ಸಾಮಾನ್ಯ ಕ್ರಮ ಹೀಗಿದೆ: ಮೊದಲ ಎರಡು ಮೂರು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡೇ ಸಲ. ನಿಮಗೆ ಎಷ್ಟು ಎಂಬುದನ್ನು ಡಾಕ್ಟರು ಹೇಳಿದಂತೆಯೇ ನಡೆಸಿ. ಜೊತೆಗೆ ಕೊಡುವ ಅಪ್ಲಿಕೇಟರಿನ ಗೆರೆಯವರೆಗೆ ತುಂಬಿ, ಮಂಡಿ ಮಡಚಿ ಮಲಗಿ, ನಿಧಾನವಾಗಿ ಒಳಗೆ ಹಾಕಿ. ಅಪ್ಲಿಕೇಟರ್ ನೋವಾದರೆ ಬೆರಳಿನಿಂದ ಹಚ್ಚಬಹುದೇ ಎಂದು ಕೇಳಿ, ಎಷ್ಟೋ ಸಲ ಒಪ್ಪುತ್ತಾರೆ. ಯೋನಿಯ ಬಾಯಿ ಮತ್ತು ಮೂತ್ರದ್ವಾರದ ಸುತ್ತಲೂ ತುಸು ಸವರಬೇಕೇ ಎಂಬುದನ್ನೂ ಕೇಳಿಕೊಳ್ಳಿ, ಉರಿ ಹೆಚ್ಚಾಗಿ ಇರುವುದು ಅಲ್ಲೇ. ಇದನ್ನು ಕೂಡುವ ಹೊತ್ತಿನ ಜಾರಿಕೆಗೆ ಬಳಸಬಾರದು.

ನಾಲ್ಕು ದಿನ ಹಚ್ಚಿ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು. ಎರಡು ಮೂರು ವಾರದಲ್ಲಿ ವ್ಯತ್ಯಾಸ ಶುರುವಾಗುತ್ತದೆ, ಪೂರ್ತಿ ಫಲ ಕಾಣಲು ಹನ್ನೆರಡು ವಾರ ಬೇಕಾಗಬಹುದು. ಶುರುವಿನಲ್ಲಿ ತುಸು ಉರಿಯುವುದುಂಟು, ಪದರ ಬಲವಾದಂತೆ ಅದು ಹೋಗುತ್ತದೆ. ಸರಿಹೋಯಿತೆಂದು ನಿಲ್ಲಿಸಿದರೆ ಒಣತನ ಮರಳಿ ಬರುತ್ತದೆ. ವಾರಕ್ಕೆರಡು ಸಲದ ಕ್ರಮವನ್ನು ದೀರ್ಘಕಾಲ ಮುಂದುವರಿಸಬಹುದು, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ.

7. ಉರಿಮೂತ್ರ ಪದೇ ಪದೇ ಬಂದರೆ ಬೇರನ್ನು ಹುಡುಕಿ

ಮೂತ್ರದ ಸೋಂಕು, ಐದು ದಿನ ಆಂಟಿಬಯಾಟಿಕ್, ತಿಂಗಳು ಕಳೆದು ಮತ್ತೆ ಸೋಂಕು. ಮುಟ್ಟು ನಿಂತ ಎಷ್ಟೋ ಹೆಂಗಸರು ಈ ಸುಳಿಯಲ್ಲಿ ವರ್ಷಗಟ್ಟಲೆ ಸುತ್ತುತ್ತಾರೆ. 1993ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ಋತುಬಂಧ ದಾಟಿದ 93 ಮಂದಿ ಅದರಲ್ಲಿದ್ದರು. ಎಸ್ಟ್ರಿಯಾಲ್ ಕ್ರೀಮು ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕಾಯಿತು. ಔಷಧಿಯಿಲ್ಲದ ಕ್ರೀಮು ಹಚ್ಚಿದವರಿಗೆ 5.9 ಸಲ. ಒಳ್ಳೆಯ ಬ್ಯಾಕ್ಟೀರಿಯಾಗಳು ಮರಳಿ, ಪಿಎಚ್ ಇಳಿದಿದ್ದೇ ಇದಕ್ಕೆ ಕಾರಣ. ಸೋಂಕು ಮರುಕಳಿಸುತ್ತಿದ್ದರೆ ಈ ಕ್ರೀಮಿನ ಬಗ್ಗೆ ನೀವಾಗಿಯೇ ಕೇಳಿ.

ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ಶೌಚಾಲಯ ಇಲ್ಲವೆಂದು, ಇದ್ದರೂ ಹೊಲಸೆಂದು ಗಾರ್ಮೆಂಟ್ಸ್‌ನಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ, ಬಸ್ಸಿನ ಡ್ಯೂಟಿಯಲ್ಲಿ ನಮ್ಮ ಹೆಂಗಸರು ದಿನವಿಡೀ ಬಾಯಾರಿಸಿಕೊಂಡೇ ಇರುತ್ತಾರೆ, ಮೂತ್ರ ಕಟ್ಟಿಕೊಳ್ಳುತ್ತಾರೆ. ಸೋಂಕಿಗೆ ಇದೂ ದಾರಿ. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

8. ಸಕ್ಕರೆ ಕಾಯಿಲೆಯ ಮಾತ್ರೆ, ಅಂಗಡಿ ಮುಲಾಮು ಪರಿಶೀಲಿಸಿ

ಎಲ್ಲ ನವೆಯೂ ಒಣತನದ್ದಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಫಂಗಸ್ ಸೋಂಕು ಬರುತ್ತದೆ: ತಡೆಯಲಾಗದ ನವೆ, ಮೊಸರಿನ ಗಟ್ಟಿಯಂಥ ಬಿಳಿ ಸ್ರಾವ. ಈಗ ಬಹಳ ಮಂದಿ ತೆಗೆದುಕೊಳ್ಳುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಅದರಿಂದಲೂ ಈ ಸೋಂಕು ಹೆಚ್ಚುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ. ಶೀತ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಒಣತನ ಹೆಚ್ಚಿಸಬಹುದು.

ಮೆಡಿಕಲ್ ಶಾಪಿನವರು ಕೊಡುವ ‘ನವೆ ಮುಲಾಮು’ಗಳಲ್ಲಿ ಎಷ್ಟೋ ಸಲ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ದಿನ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ. ಚರ್ಮ ಬೆಳ್ಳಗಾಗಿದ್ದರೆ, ಸೀಳಿದ್ದರೆ, ಗಂಟು ಅಥವಾ ವಾಸಿಯಾಗದ ಹುಣ್ಣು ಇದ್ದರೆ ಪರೀಕ್ಷೆ ಮಾಡಿಸದೆ ಏನನ್ನೂ ಹಚ್ಚಬೇಡಿ.

9. ಗರ್ಭಕೋಶ ತೆಗೆಸಿದವರು, ಸ್ತನ ಕ್ಯಾನ್ಸರ್ ಗೆದ್ದವರು ಹೆಚ್ಚು ಗಮನಿಸಿ

ನಮ್ಮ ಹಳ್ಳಿಗಳಲ್ಲಿ ನಲವತ್ತರೊಳಗೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಆಪರೇಷನ್ನಿನಲ್ಲಿ ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೊಜೆನ್ ಒಮ್ಮೆಲೇ ಕುಸಿಯುತ್ತದೆ, ಒಣತನವೂ ಬೇಗ ಮತ್ತು ತೀವ್ರವಾಗಿ ಬರುತ್ತದೆ. ಅಂಡಾಶಯ ಉಳಿಸಿದ್ದರೆ ಮುಟ್ಟು ಬಾರದ್ದರಿಂದ ಋತುಬಂಧ ಯಾವಾಗ ಆಯಿತೆಂದೇ ಗೊತ್ತಾಗುವುದಿಲ್ಲ, ಲಕ್ಷಣಗಳನ್ನೇ ನೋಡಿ ತಿಳಿಯಬೇಕು. ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ, ಏನೇನು ತೆಗೆದಿದ್ದಾರೆಂದು ಓದಿಸಿ ತಿಳಿದುಕೊಳ್ಳಿ. 45ಕ್ಕಿಂತ ಮುಂಚೆ ಋತುಬಂಧವಾಗಿದ್ದರೆ ಮೂಳೆ ಮತ್ತು ಹೃದಯದ ರಕ್ಷಣೆಯ ಬಗ್ಗೆಯೂ ಸಲಹೆ ಬೇಕು.

ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಮೊದಲ ಆಯ್ಕೆ ಹಾರ್ಮೋನಿಲ್ಲದ ಮಾಯಿಶ್ಚರೈಸರ್ ಮತ್ತು ಲೂಬ್ರಿಕೆಂಟ್. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ನುಂಗುವವರಿಗೆ ಒಣತನ ವಿಪರೀತ ಇರುತ್ತದೆ, ಒಳಗೆ ಹಚ್ಚುವ ಈಸ್ಟ್ರೊಜೆನ್ ವಿಷಯದಲ್ಲಿ ಎಚ್ಚರವೂ ಹೆಚ್ಚು ಬೇಕು. ಆಂಕಾಲಜಿಸ್ಟ್ ಮತ್ತು ಸ್ತ್ರೀರೋಗ ತಜ್ಞರು ಇಬ್ಬರೂ ಸೇರಿ ನಿರ್ಧರಿಸಲಿ. ಹಿಂಸೆ ತಾಳಲಾರದೆ ಕ್ಯಾನ್ಸರ್ ಮಾತ್ರೆಯನ್ನೇ ಬಿಟ್ಟುಬಿಡಬೇಡಿ. ‘ಈ ಮಾತ್ರೆಯಿಂದ ಹೀಗಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳಿ.

10. ಹಲ್ಲು ಕಚ್ಚಿ ನೋವು ತಿನ್ನಬೇಡಿ, ಗಂಡನಿಗೆ ಹೇಳಿ

ನೋವಾದರೂ ‘ಅವರಿಗೆ ಬೇಸರವಾದೀತು’ ಎಂದು ಸಹಿಸಿದರೆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಮುಟ್ಟುವ ಮುಂಚೆಯೇ ಕೆಳಭಾಗದ ಸ್ನಾಯುಗಳು ಬಿಗಿಯುತ್ತವೆ, ನೋವು ಇಮ್ಮಡಿಯಾಗುತ್ತದೆ. ಹೆಂಡತಿ ದೂರ ಸರಿಯುವುದನ್ನು ಕಂಡು ಗಂಡ ‘ನನ್ನ ಮೇಲೆ ಪ್ರೀತಿ ಹೋಯಿತು’ ಎಂದು ಅರ್ಥ ಮಾಡಿಕೊಳ್ಳುತ್ತಾನೆ. ಹಗಲು ಹೊತ್ತಿನಲ್ಲಿ, ಇಬ್ಬರೇ ಇರುವಾಗ ಹೇಳಿ: “ರೀ, ನಿಮ್ಮ ಮೇಲೆ ಬೇಜಾರೇನಿಲ್ಲ. ಮುಟ್ಟು ನಿಂತ ಮೇಲೆ ಒಳಗೆ ಒಣಗಿ ನೋವಾಗ್ತಿದೆ. ಔಷಧಿ ಹಚ್ಕೋತಿದೀನಿ, ಸರಿಹೋಗೋವರೆಗೂ ಸ್ವಲ್ಪ ನಿಧಾನ ಮಾಡೋಣ.” ಇಷ್ಟು ಸಾಕು. ಅಪ್ಪುಗೆ, ಮುದ್ದು, ಮಾತು ನಿಲ್ಲಬೇಕಾಗಿಲ್ಲ.

ಸ್ನಾಯು ಬಿಗಿದಿರುವವರಿಗೆ ಕೀಗಲ್ ವ್ಯಾಯಾಮ (ಕೆಳಭಾಗದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಇನ್ನಷ್ಟು ಬಿಗಿ ತರಬಹುದು. ಅದು ಮೂತ್ರ ಸೋರುವವರಿಗೆ ಒಳ್ಳೆಯದು. ನೋವಿರುವವರು ಮೊದಲು ಹೊಟ್ಟೆಯವರೆಗೆ ಉಸಿರೆಳೆದು, ಬಿಡುತ್ತಾ ಕೆಳಭಾಗವನ್ನು ಸಡಿಲಿಸುವುದನ್ನು ಕಲಿಯಬೇಕು. ದೊಡ್ಡ ಊರುಗಳಲ್ಲಿ ಇದನ್ನೇ ಹೇಳಿಕೊಡುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ.

11. ದುಬಾರಿ ಲೇಸರಿಗೆ ದುಡ್ಡು ಸುರಿಯುವ ಮುಂಚೆ ಯೋಚಿಸಿ

‘ಯೋನಿ ಪುನರ್ಯೌವನ’ ಎಂಬ ಲೇಸರ್ ಚಿಕಿತ್ಸೆಯ ಜಾಹೀರಾತು ಈಗ ಮೊಬೈಲ್ ತುಂಬ. 2018ರಲ್ಲೇ ಅಮೆರಿಕದ ಎಫ್‌ಡಿಎ ಇಂಥ ಪ್ರಚಾರದ ವಿರುದ್ಧ ಎಚ್ಚರಿಕೆ ಕೊಟ್ಟಿತು. ಸುಟ್ಟ ಗಾಯ, ಕಲೆ, ಉಳಿದುಬಿಡುವ ನೋವಿನ ದೂರುಗಳು ಅದಕ್ಕೆ ಬಂದಿದ್ದವು. 2021ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಪಡೆದವರಿಗೂ ಲೇಸರಿನ ನಟನೆಯಷ್ಟೇ ಮಾಡಿಸಿಕೊಂಡವರಿಗೂ ವರ್ಷದ ನಂತರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಶತಾವರಿ, ಸೋಯಾ, ಅಗಸೆ ಬೀಜದ ಮಾತ್ರೆಗಳು ಒಣತನವನ್ನು ಗುಣಪಡಿಸುತ್ತವೆ ಎಂಬುದಕ್ಕೂ ಗಟ್ಟಿ ಆಧಾರವಿಲ್ಲ. ಬೀಡಿ, ಸಿಗರೇಟು ಬಿಡುವುದು ಮಾತ್ರ ಖಂಡಿತ ಒಳ್ಳೆಯದು: ಹೊಗೆ ಈಸ್ಟ್ರೊಜೆನ್ ಮಟ್ಟವನ್ನು ಇನ್ನಷ್ಟು ಇಳಿಸುತ್ತದೆ.

12. ಒಂದು ಹನಿ ರಕ್ತ ಕಂಡರೂ ತೋರಿಸಿ, ಹೋದಾಗ ನೇರವಾಗಿ ಹೇಳಿ

ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ‘ಮತ್ತೆ ಮುಟ್ಟು ಬಂತು’ ಎಂದು ಸುಮ್ಮನಿರುವಂತಿಲ್ಲ. ಹೆಚ್ಚಿನವರಲ್ಲಿ ಕಾರಣ ಈ ಒಣತನವೇ ಇರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ, ಬೇಗ ಹಿಡಿದರೆ ವಾಸಿಯಾಗುವಂಥದ್ದು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಪದರದ ದಪ್ಪ ಅಳೆದು ನೋಡುತ್ತಾರೆ. ವಾಸನೆಯ ಸ್ರಾವ, ಕೆಳಗೆ ಗಡ್ಡೆ ಜಾರಿದ ಅನುಭವ ಇದ್ದರೂ ತೋರಿಸಿ. ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಋತುಬಂಧದ ನಂತರವೂ ಬೇಕು.

ಡಾಕ್ಟರ ಎದುರು ಕೂತಾಗ ನಾಚಿಕೆಯಿಂದ ‘ಸುಸ್ತು, ಸೊಂಟನೋವು’ ಎಂದು ಹೇಳಿ ಎದ್ದು ಬರಬೇಡಿ. ಮಾತು ಮೊದಲೇ ಸಿದ್ಧವಿರಲಿ: “ಮೇಡಂ, ಮುಟ್ಟು ನಿಂತು ಮೂರು ವರ್ಷ ಆಯ್ತು. ಒಳಗೆ ಒಣಗಿದ ಹಾಗಿರುತ್ತೆ, ಉರಿ ಇದೆ, ಕೂಡಿದಾಗ ನೋವು. ಇದಕ್ಕೆ ಒಳಗೆ ಹಚ್ಚೋ ಔಷಧಿ ಇದ್ಯಾ?” ಹೇಳಲು ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರ ದಿನ ಕೇಳಿಕೊಳ್ಳಿ. ಪರೀಕ್ಷೆಗೆ ಮಲಗುವ ಮುಂಚೆ “ತುಂಬಾ ಒಣಗಿದೆ, ಚಿಕ್ಕ ಸಾಧನ ಹಾಕಿ” ಎನ್ನುವ ಹಕ್ಕು ನಿಮಗಿದೆ. ಒಬ್ಬರು ‘ಈ ವಯಸ್ಸಿಗೆ ಇದೆಲ್ಲ ಸಹಜ’ ಎಂದು ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ.

ಋತುಬಂಧದ ಆಚೆಗೆ ಇನ್ನೂ ಮೂವತ್ತು ವರ್ಷದ ಬದುಕು ಇದ್ದೀತು. ಅಷ್ಟು ವರ್ಷ ಉರಿಯಲ್ಲಿ ಕಳೆಯುವುದು ಯಾರ ಹಣೆಬರಹವೂ ಅಲ್ಲ. ಈ ವಾರವೇ ಸೋಪು ಬಿಡಿ, ಒಂದು ಮಾಯಿಶ್ಚರೈಸರ್ ತಂದು ಕ್ರಮವಾಗಿ ಹಚ್ಚಿ, ಡಾಕ್ಟರ ಭೇಟಿಗೆ ದಿನ ಗೊತ್ತು ಮಾಡಿ. ಈ ವಿಷಯವನ್ನು ನಿಮ್ಮ ಅಕ್ಕನಿಗೋ ಅತ್ತಿಗೆಗೋ ಹೇಳಿ. ಅವರೂ ಬಾಯಿಬಿಡದೆ ಇದನ್ನೇ ಸಹಿಸುತ್ತಿರಬಹುದು.